ಹಳೆಯ ನಗರ ಮನೆಗಳ ಆರೋಗ್ಯ ತಪಾಸಣೆ ಮತ್ತು ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಅಷ್ಟು ಹಳೆಯದಾದ ಮೇಲೆ ಕೆಡವಿ ಕಟ್ಟುವುದೇ ವಾಸಿಯಲ್ಲವೇ?

ಬಹಳಷ್ಟು ಸಲ ಅದರ ಅಗತ್ಯವಿರುವುದಿಲ್ಲ. ದಪ್ಪ ಗೋಡೆ, ಎತ್ತರದ ಮಾಳಿಗೆ, ಎದುರುಬದುರು ಕಿಟಕಿ ಇರುವ ಹಳೆಯ ಮನೆ ಉಸಿರಾಟಕ್ಕೆ ಎಷ್ಟೋ ಹೊಸ ಕೋಣೆಗಳಿಗಿಂತ ಮೇಲು. ಕಾಯಿಲೆ ತರುವುದು ಸೋರುವ ನೀರು, ಹೊರಹೋಗಲು ದಾರಿಯಿಲ್ಲದ ತೇವ ಮತ್ತು ಹೊಗೆ, ಕಾಲಕಾಲಕ್ಕೆ ಆದ ಅರೆಬರೆ ಬದಲಾವಣೆಗಳು. ಕಿಟಕಿ ಮುಚ್ಚಿ ಕಪಾಟು ಮಾಡಿರುತ್ತಾರೆ, ಅಂಗಳಕ್ಕೆ ಶೀಟು ಹೊದಿಸಿರುತ್ತಾರೆ, ಒಂದು ಕೋಣೆಯನ್ನು ಎರಡು ಮಾಡಿರುತ್ತಾರೆ, ಒಂದು ಬಚ್ಚಲಿಗೆಂದು ಹಾಕಿದ ಕೊಳವೆಗೆ ನಾಲ್ಕು ಬಚ್ಚಲು ಜೋಡಿಸಿರುತ್ತಾರೆ. ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ತಪಾಸಣೆಯ ವರದಿ ಬಾಡಿಗೆದಾರರನ್ನು ಎಬ್ಬಿಸಲು ನೆಪವಾಗಬಾರದು. ಯಾವುದು ದುರಸ್ತಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅದರಲ್ಲಿ ಬೇರೆ ಬೇರೆಯಾಗಿ ಬರೆದಿರಬೇಕು.

ತಪಾಸಣೆ ಎಲ್ಲಿಂದ ಶುರು ಮಾಡಬೇಕು?

ತಾರಸಿಯಿಂದ. ನೀರು ಮೇಲಿನಿಂದ ಇಳಿಯುತ್ತದೆ, ಅದು ಹೋದ ದಾರಿಯಲ್ಲೇ ನೀವೂ ಇಳಿಯಿರಿ. ತಾರಸಿಯ ಇಳಿಜಾರು, ಮಳೆನೀರಿನ ಬಾಯಿ, ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆ, ಟ್ಯಾಂಕ್, ಹೊರಗೋಡೆ, ಸಜ್ಜಾ, ಕೊಳವೆಗಳು, ಆಮೇಲೆ ಒಳಕೋಣೆಗಳು, ಕೊನೆಗೆ ನೆಲ, ಸಂಪು, ಚರಂಡಿಯ ಚೇಂಬರ್. ಒಳಗಿನ ಕಲೆಯನ್ನು ಮೊದಲು ನೋಡಿದವರು ಕಲೆಗೇ ಮದ್ದು ಹುಡುಕುತ್ತಾರೆ.

ಜೊತೆಗಿರಬೇಕಾದ ಸಾಮಾನು ಹೆಚ್ಚೇನಿಲ್ಲ. ಟಾರ್ಚು, ಅಳತೆ ಟೇಪು, ಮರ ಚುಚ್ಚಿ ನೋಡಲು ಮೊನಚಾದ ಉಳಿ, ಕಾಂಕ್ರೀಟ್ ತಟ್ಟಲು ಸಣ್ಣ ಸುತ್ತಿಗೆ, ಅಯಸ್ಕಾಂತ, ತೇವಾಂಶ ಮತ್ತು ಉಷ್ಣತೆ ತೋರಿಸುವ ಸಣ್ಣ ಮೀಟರ್, ಪಾಲಿಥೀನ್ ಹಾಳೆ, ಅಗಲದ ಟೇಪು, ಚರಂಡಿಗೆ ಹಾಕಲು ಬಣ್ಣದ ಪುಡಿ. ಸಾಧ್ಯವಾದರೆ ಎರಡು ಸಲ ನೋಡಿ: ಒಮ್ಮೆ ಒಣ ದಿನ, ಇನ್ನೊಮ್ಮೆ ಜೋರು ಮಳೆಯ ಮರುದಿನ. ಮನೆಯಲ್ಲಿ ಇರುವವರನ್ನು ಕೇಳದೆ ಯಾವ ತಪಾಸಣೆಯೂ ಪೂರ್ತಿಯಾಗುವುದಿಲ್ಲ. ಯಾವ ಕೋಣೆಯಲ್ಲಿ ಕೆಮ್ಮು ಹೆಚ್ಚು, ವಾಸನೆ ಯಾವ ಹೊತ್ತಿಗೆ ಬರುತ್ತದೆ, ಯಾವ ಮೆಟ್ಟಿಲಲ್ಲಿ ಎಲ್ಲರೂ ಎಡವುತ್ತಾರೆ ಎಂಬುದು ಅವರಿಗೆ ಗೊತ್ತು.

ನೂರು ದೋಷ ಸಿಕ್ಕರೆ ಯಾವುದನ್ನು ಮೊದಲು ಹಿಡಿಯಬೇಕು?

ಎರಡು ಪ್ರಶ್ನೆ ಹಾಕಿಕೊಳ್ಳಿ: ಇದರಿಂದ ಪೆಟ್ಟಾಗುವ ಸಾಧ್ಯತೆ ಎಷ್ಟು, ಆದರೆ ಎಷ್ಟು ದೊಡ್ಡದು? ಇಂಗ್ಲೆಂಡಿನಲ್ಲಿ 2006ರಲ್ಲಿ ಜಾರಿಗೆ ಬಂದ ಮನೆ ತಪಾಸಣೆಯ ಪದ್ಧತಿ 29 ಬಗೆಯ ಅಪಾಯಗಳನ್ನು ಹೀಗೆಯೇ ತೂಗಿತು. ಅದರಲ್ಲಿ ಒಂದು ಒಳ್ಳೆಯ ನಿಯಮವಿದೆ. ಸದ್ಯ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನಷ್ಟೇ ನೋಡದೆ, ಆ ಅಪಾಯಕ್ಕೆ ಅತಿ ಬೇಗ ತುತ್ತಾಗುವ ವಯಸ್ಸಿನವರನ್ನು ಇಟ್ಟುಕೊಂಡು ಅಳೆಯಬೇಕು. ಮೆಟ್ಟಿಲಿಗೆ ವೃದ್ಧರು, ಸೀಸದ ಬಣ್ಣಕ್ಕೆ ಪುಟ್ಟ ಮಕ್ಕಳು.

ಅದೇ ದಿನ ನಿಲ್ಲಿಸಬೇಕಾದವು: ಗ್ಯಾಸ್ ಸೋರಿಕೆ, ಹೊಗೆಕೊಳವೆಯಿಲ್ಲದ ಗ್ಯಾಸ್ ಗೀಸರ್, ಮುಟ್ಟಿದರೆ ಶಾಕ್ ಹೊಡೆಯುವ ನಲ್ಲಿ, ಕುಡಿಯುವ ನೀರಿಗೆ ಬೆರೆತ ಚರಂಡಿ, ಉದುರುತ್ತಿರುವ ಬಾಲ್ಕನಿ, ಹೊರಹೋಗುವ ಏಕೈಕ ದಾರಿಗೆ ಹಾಕಿದ ಬೀಗ. ಉಳಿದದ್ದಕ್ಕೆ ಕ್ರಮ ಹೀಗಿರಲಿ: ಮೊದಲು ನೀರು ನಿಲ್ಲಿಸಿ, ಆಮೇಲೆ ಗಾಳಿಗೆ ದಾರಿ ಮಾಡಿ, ಆಮೇಲೆ ಒಣಗಲು ಬಿಡಿ, ಕೊನೆಗೆ ಗಾರೆ ಮತ್ತು ಬಣ್ಣ. ಈ ಕ್ರಮ ತಲೆಕೆಳಗಾದ ಕಡೆ ಹಣವೂ ಹೋಗುತ್ತದೆ, ಕಾಯಿಲೆಯೂ ಉಳಿಯುತ್ತದೆ.

ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಎಂದು ಗುರುತಿಸುವುದು ಹೇಗೆ?

ತೇವ ನಾಲ್ಕು ದಾರಿಯಲ್ಲಿ ಬರುತ್ತದೆ. ನೆಲದಿಂದ ಏರಿದ ತೇವ ನೆಲಮಹಡಿಯಲ್ಲಿ ಮಾತ್ರ, ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನವರೆಗೆ ಕಾಣುತ್ತದೆ. ಅದರ ಮೇಲಂಚಿನಲ್ಲಿ ಬಿಳಿ ಉಪ್ಪಿನ ಅಡ್ಡಗೆರೆ ಇರುತ್ತದೆ, ಕೆಳಗೆ ಗಾರೆ ಪುಡಿಯಾಗಿ ಉದುರುತ್ತದೆ. ಹೊರಗೋಡೆಯ ಬಿರುಕಿನಿಂದ ನುಗ್ಗಿದ ತೇವ ಮಳೆಯ ಜೊತೆ ಹೆಚ್ಚುತ್ತದೆ, ಬಿಸಿಲಿನ ಜೊತೆ ಕುಗ್ಗುತ್ತದೆ. ಕೊಳವೆ ಸೋರಿಕೆಗೆ ಕಾಲವಿಲ್ಲ, ಬೇಸಿಗೆಯಲ್ಲೂ ಅದೇ ಕಲೆ. ನಾಲ್ಕನೆಯದು ಕೋಣೆಯ ಆವಿ ತಣ್ಣನೆಯ ಗೋಡೆಗೆ ಬಡಿದು ನೀರಾಗುವುದು. ಇದು ಮೂಲೆಗಳಲ್ಲಿ, ಕಪಾಟಿನ ಹಿಂದೆ, ಕಿಟಕಿಯ ಸುತ್ತ ಕಪ್ಪು ಬೂಷ್ಟಾಗಿ ಕಾಣುತ್ತದೆ. ಅಲ್ಲಿ ಉಪ್ಪು ಇರುವುದಿಲ್ಲ.

ಅನುಮಾನವಿದ್ದರೆ 45 ಸೆಂ.ಮೀ. ಚೌಕದ ಪಾಲಿಥೀನ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಿ, ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಕೋಣೆಯ ಆವಿ. ಹಾಳೆಯ ಹಿಂದೆ, ಗೋಡೆಯ ಕಡೆ ಇದ್ದರೆ ಗೋಡೆಯೊಳಗೇ ನೀರಿದೆ. ಮುಳ್ಳು ಚುಚ್ಚಿ ತೇವ ಅಳೆಯುವ ಮೀಟರಿನ ಅಂಕಿಯನ್ನಷ್ಟೇ ನಂಬಬೇಡಿ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ ಜಾಗವನ್ನೂ ಅದು ಒದ್ದೆ ಎಂದು ತೋರಿಸುತ್ತದೆ.

ಕೊಳವೆ ಸೋರಿಕೆಗೆ ಮೀಟರ್ ಪರೀಕ್ಷೆ ಸುಲಭ. ರಾತ್ರಿ ಎಲ್ಲಾ ನಲ್ಲಿ ಮುಚ್ಚಿ, ಟ್ಯಾಂಕಿನ ಫ್ಲೋಟ್ ವಾಲ್ವ್ ಕಟ್ಟಿ ನೀರಿನ ಮೀಟರ್ ಓದಿ, ಬೆಳಿಗ್ಗೆ ಮತ್ತೆ ಓದಿ. ಮುಳ್ಳು ಸರಿದಿದ್ದರೆ ಮೀಟರಿನಿಂದ ಟ್ಯಾಂಕಿನವರೆಗೆ ಎಲ್ಲೋ ಸೋರುತ್ತಿದೆ. ಬಚ್ಚಲಿನ ನೆಲದ ಮೇಲೆ ಅನುಮಾನವಿದ್ದರೆ ನೀರು ಹೋಗುವ ಬಾಯಿ ಮುಚ್ಚಿ 25 ಮಿ.ಮೀ. ನೀರು ನಿಲ್ಲಿಸಿ. 24 ಗಂಟೆಯ ನಂತರ ಕೆಳಮನೆಯ ಮಾಳಿಗೆ ನೋಡಿ.

ವಾಟರ್‌ಪ್ರೂಫ್ ಬಣ್ಣ ಹಚ್ಚಿದರೂ ಮರುವರ್ಷ ಗುಳ್ಳೆ ಬರುತ್ತದೆ. ಏಕೆ?

ನೀರಿನ ಮೂಲ ಹಾಗೇ ಇದೆ, ಹೊರಹೋಗುವ ದಾರಿ ಮಾತ್ರ ಮುಚ್ಚಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ ಹೀರಿದ ತೇವವನ್ನು ಮೈಯಿಂದ ಬಿಟ್ಟುಕೊಡುತ್ತಾ ಇರುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಅಥವಾ ಪ್ಲಾಸ್ಟಿಕ್ ಪದರದ ಬಣ್ಣ ಬಂದರೆ ತೇವ ಒಳಗೆ ಸಿಕ್ಕಿಕೊಳ್ಳುತ್ತದೆ, ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪು ಪದರದ ಹಿಂದೆ ಹರಳುಗಟ್ಟಿ ಅದನ್ನು ದೂಡಿ ಬೀಳಿಸುತ್ತದೆ. ಗೋಡೆಯಲ್ಲಿ ತಲೆ ಹೂತ ಮರದ ತೊಲೆಗಳಿದ್ದರೆ ಆ ತುದಿಗಳು ಕೊಳೆಯಲು ಶುರುವಾಗುತ್ತವೆ. ತೊಲೆ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ, ಉಳಿಯಿಂದ ಚುಚ್ಚಿದಾಗ ಮಾತ್ರ ಗೊತ್ತಾಗುತ್ತದೆ.

ಮೊದಲು ಹೊರಗೆ ನೋಡಿ. ರಸ್ತೆ ಅಥವಾ ಅಂಗಳದ ಮಟ್ಟ ವರ್ಷವರ್ಷಕ್ಕೆ ಏರಿ ಒಳನೆಲಕ್ಕೆ ಸಮವಾಗಿರಬಹುದು. ಹೊರಮಟ್ಟ ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು, ನೀರು ಗೋಡೆಯಿಂದ ದೂರ ಹರಿಯುವ ಇಳಿಜಾರು ಇರಬೇಕು. ಆಮೇಲೆ ಉಪ್ಪಿನ ಗೆರೆಗಿಂತ 30 ಸೆಂ.ಮೀ. ಮೇಲಿನವರೆಗೆ ಗಾರೆ ಕೆತ್ತಿ ತೆಗೆಯಿರಿ, ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ಹೊರಹಾಕಿ. ತೊಳೆದರೆ ಅದು ಮತ್ತೆ ಒಳಗೆ ಹೋಗುತ್ತದೆ. ಇಟ್ಟಿಗೆ ಗೋಡೆ ಒಣಗಲು 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕೆಲಸಗಾರರ ಅಂದಾಜು. 23 ಸೆಂ.ಮೀ. ಗೋಡೆಗೆ ಎಂಟು ಒಂಬತ್ತು ತಿಂಗಳೇ ಬೇಕಾದೀತು. ಈ ಕಾಯುವಿಕೆ ಯಾರಿಗೂ ಇಷ್ಟವಿಲ್ಲ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ನಂತರ ಸುಣ್ಣ 1 ಪಾಲು, ಮರಳು 3 ಪಾಲಿನ ಗಾರೆಯನ್ನು ಒಂದು ಪದರಕ್ಕೆ 10 ಮಿ.ಮೀ. ಮೀರದಂತೆ ಹಚ್ಚಿ. ಬಿರುಸು ಬಿಸಿಲಿಗೆ ಬಿರಿಯದಂತೆ ಕೆಲವು ದಿನ ನೀರು ಸಿಂಪಡಿಸಿ. ಮೇಲೆ ಸುಣ್ಣವೇ ಸಾಕು.

ಕಪ್ಪು ಬೂಷ್ಟನ್ನು ತೆಗೆಯುವುದು ಹೇಗೆ? ಅದರಿಂದ ನಿಜವಾಗಿ ತೊಂದರೆ ಇದೆಯೇ?

ಇದೆ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಆಸ್ತಮಾ, ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಬೂಷ್ಟಿನ ಜಾತಿ ಯಾವುದೆಂದು ಪ್ರಯೋಗಾಲಯಕ್ಕೆ ಕಳಿಸುವ ಖರ್ಚು ಬೇಡ. ಯಾವುದಾದರೂ ಮಾಡಬೇಕಾದ ಕೆಲಸ ಒಂದೇ.

ಸುಮಾರು ಒಂದು ಚದರ ಮೀಟರಿಗಿಂತ ಕಡಿಮೆ ಇದ್ದರೆ ನೀವೇ ತೆಗೆಯಬಹುದು. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿ, ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿ, ಸೋಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಣಗಿದ್ದಾಗ ಉಜ್ಜಬೇಡಿ, ಬೀಜಕಣಗಳು ಗಾಳಿಗೆ ಏಳುತ್ತವೆ. ಬ್ಲೀಚ್ ಟೈಲ್ಸಿನ ಮೇಲೆ ಕೆಲಸ ಮಾಡುತ್ತದೆ, ಗಾರೆಯಲ್ಲಿ ಬಣ್ಣ ಮಾತ್ರ ಹೋಗಿ ಬೇರು ಉಳಿಯುತ್ತದೆ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗಾಗಲಿ ಅಮೋನಿಯಾ ಜೊತೆಗಾಗಲಿ ಎಂದೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ. ನೆನೆದ ಹಾಸಿಗೆ, ಕಾರ್ಪೆಟ್, ಜಿಪ್ಸಮ್ ಬೋರ್ಡನ್ನು 48 ಗಂಟೆಯೊಳಗೆ ಒಣಗಿಸಲಾಗದಿದ್ದರೆ ಎಸೆಯುವುದೇ ಸರಿ. ಕೋಣೆಯ ತೇವಾಂಶ ಶೇ. 60ರೊಳಗೆ ಇಳಿಯದಿದ್ದರೆ ಬೂಷ್ಟು ಮತ್ತೆ ಬರುತ್ತದೆ. ಕಪಾಟನ್ನು ಹೊರಗೋಡೆಯಿಂದ 5 ಸೆಂ.ಮೀ. ಸರಿಸಿದರೇ ಅರ್ಧ ಸಮಸ್ಯೆ ಹೋಗುವ ಮನೆಗಳಿವೆ.

ಗಾಳಿ ಸಾಕಷ್ಟಿದೆಯೇ ಎಂದು ತಿಳಿಯುವುದು ಹೇಗೆ?

ಕಿಟಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ತೆರೆಯುತ್ತದೆ, ಗಾಳಿ ಹೊರಹೋಗಲು ಎದುರಿನ ಗೋಡೆಯಲ್ಲಿ ದಾರಿ ಇದೆಯೇ ಎಂಬುದು ಮುಖ್ಯ. ಕಿಟಕಿಯ ಒಟ್ಟು ಅಳತೆ ನೆಲದ ಹತ್ತನೇ ಒಂದರಷ್ಟಿರಲಿ ಎಂಬುದು ಅನೇಕ ಕಟ್ಟಡ ನಿಯಮಗಳಲ್ಲಿ ಬರುವ ಸ್ಥೂಲ ಲೆಕ್ಕ. ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಕ್ಕರೆ ಮಲಗುವ ಕೋಣೆಯಲ್ಲಿ ಒಂದು ರಾತ್ರಿ ಇಡಿ. ಹೊರಗೆ ಅದು 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಹತ್ತಿರ ಇರುತ್ತದೆ. ಒಳಗೆ ಗಂಟೆಗಟ್ಟಲೆ 1000 ದಾಟಿ ನಿಂತರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಕ್ಷಯ ಹರಡುವುದು ಇಂಥ ಕೋಣೆಗಳಲ್ಲೇ, ಅದರಲ್ಲೂ ಜನ ಕಿಕ್ಕಿರಿದಿದ್ದರೆ. ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಜನರಿದ್ದರೆ ಅದನ್ನು ವಿಶ್ವಸಂಸ್ಥೆಯ ವಸತಿ ವಿಭಾಗ ಕಿಕ್ಕಿರಿದ ಮನೆ ಎಂದೇ ಎಣಿಸುತ್ತದೆ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೂ ಗಾಳಿ ಆಡದಿದ್ದರೆ ಬಾಗಿಲ ಕೆಳಗೆ ನೋಡಿ. ಹೊಸ ಗಾಳಿ ಬರಲು 1 ಸೆಂ.ಮೀ. ಸಂದಿಯಾದರೂ ಬೇಕು. ಫ್ಯಾನಿನ ಬಾಯಿ ಮುಚ್ಚಿದ ಶಾಫ್ಟಿಗೆ ತೆರೆದಿದ್ದರೆ ನಿಮ್ಮ ತೇವ ಮೇಲ್ಮನೆಯವರ ಬಚ್ಚಲಿಗೆ ಹೋಗುತ್ತದೆ.

ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರಬಹುದೇ?

ಹೊಗೆಕೊಳವೆ ಇಲ್ಲದ್ದು ಇರಲೇಬಾರದು. ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ಇಳಿದಂತೆ ಉರಿ ಅರೆಬೆಂದು ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂದು ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಇದೇ ಕಾರಣವೆಂದು ಅನುಮಾನಿಸಿ. ನೀಲಿಯಿರಬೇಕಾದ ಉರಿ ಹಳದಿಯಾಗಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಬಳಸುವುದನ್ನು ನಿಲ್ಲಿಸಿ. ಗೀಸರನ್ನು ಹೊರಗೋಡೆಗೆ ವರ್ಗಾಯಿಸಿ ನೀರಿನ ಕೊಳವೆ ಮಾತ್ರ ಒಳಗೆ ತನ್ನಿ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ, ಮೆಟ್ಟಿಲ ಕೆಳಗೆ ಜನರೇಟರ್, ಇವೂ ಅಷ್ಟೇ ಅಪಾಯ. ಚಳಿಗೆಂದು ಕಿಟಕಿಯ ಸಂದಿಗಳನ್ನೆಲ್ಲ ಮುಚ್ಚಿಸುವ ಮೊದಲು ಮನೆಯಲ್ಲಿ ಉರಿಯುವುದೇನಿದೆ ಎಂದು ಎಣಿಸಿಕೊಳ್ಳಿ.

ಹಳೆಯ ಬಣ್ಣ ಕೆರೆಯಲು ಏಕೆ ಹೆದರಬೇಕು?

ಸೀಸಕ್ಕಾಗಿ. ಹಳೆಯ ಎಣ್ಣೆಬಣ್ಣದಲ್ಲಿ, ಮುಖ್ಯವಾಗಿ ಕಿಟಕಿ, ಬಾಗಿಲು, ಗ್ರಿಲ್‌ಗಳ ಮೇಲಿನದರಲ್ಲಿ, ಸೀಸ ಧಾರಾಳವಾಗಿ ಇರುತ್ತಿತ್ತು. ಅಮೆರಿಕ ಮನೆಗಳ ಬಣ್ಣದಲ್ಲಿ ಅದನ್ನು ನಿಷೇಧಿಸಿದ್ದು 1978ರಲ್ಲಿ. ಈಗ ಭಾರತವೂ ಸೇರಿ ಹಲವು ದೇಶಗಳ ಮಿತಿ 90 ಪಿಪಿಎಂ. ಮಕ್ಕಳ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಅಪಾಯ ಗೋಡೆಯ ಮೇಲೆ ಗಟ್ಟಿಯಾಗಿ ಕೂತ ಬಣ್ಣದಲ್ಲಿ ಕಡಿಮೆ, ಉದುರುವ ಚಕ್ಕೆಯಲ್ಲಿ ಮತ್ತು ಕಿಟಕಿ ತೆರೆದು ಮುಚ್ಚುವಾಗ ಉಜ್ಜಿ ಬೀಳುವ ಧೂಳಿನಲ್ಲಿ ಹೆಚ್ಚು. ತೆವಳುವ ಮಗು ಆ ಧೂಳಿನ ಕೈಯನ್ನೇ ಬಾಯಿಗಿಡುತ್ತದೆ.

ಒಣ ಮರಳುಕಾಗದ, ಗ್ರೈಂಡರ್, ಬೆಂಕಿಯ ಜ್ವಾಲೆ ಮೂರೂ ಬೇಡ. ಕೋಣೆ ಖಾಲಿ ಮಾಡಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ ಅಂಚಿಗೆ ಟೇಪು ಹಚ್ಚಿ, ನೀರು ಸಿಂಪಡಿಸುತ್ತಾ ಕೈಯಿಂದ ಕೆರೆಯಿರಿ. ಸಾಮಾನ್ಯ ವ್ಯಾಕ್ಯೂಮ್ ಧೂಳನ್ನು ಹಿಂದಿನಿಂದ ಊದುತ್ತದೆ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಬೇಕು. ಕೊನೆಗೆ ಸೋಪುನೀರಿನಿಂದ ಎರಡು ಸಲ ಒರೆಸಿ. ಗರ್ಭಿಣಿಯರು, ಮಕ್ಕಳು ಕೆಲಸ ಮುಗಿದು ಒರೆಸುವವರೆಗೆ ಬೇರೆ ಕಡೆ ಇರಲಿ. ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಮೇಲೆ ಹೊಸ ಪದರ ಕೊಡುವುದೇ ಎಷ್ಟೋ ಸಲ ಸುರಕ್ಷಿತ. ಮಕ್ಕಳಿದ್ದ ಮನೆಯಲ್ಲಿ ಬಣ್ಣ ಉದುರುತ್ತಿದ್ದರೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ.

ನೀರಿನ ಕೊಳವೆ ಸೀಸದ್ದೇ ಎಂದು ಹೇಗೆ ತಿಳಿಯುವುದು?

ಮಾಸಿದ ಬೂದು ಬಣ್ಣ, ಅಯಸ್ಕಾಂತ ಹಿಡಿಯುವುದಿಲ್ಲ, ನಾಣ್ಯದಿಂದ ಗೀಚಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಮೂರೂ ಹೊಂದಿದರೆ ಸೀಸವೇ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಕೊಳವೆ ಬದಲಾಗುವವರೆಗೆ ಬೆಳಗಿನ ಮೊದಲ ನೀರನ್ನು ಪಾತ್ರೆ, ನೆಲ ತೊಳೆಯಲು ಬಳಸಿ, ಕುಡಿಯಲು ಅಡುಗೆಗೆ ಹರಿದು ಬಂದ ತಣ್ಣೀರು ಮಾತ್ರ. ಪರೀಕ್ಷೆಗೆ ಕಳಿಸುವುದಾದರೆ ರಾತ್ರಿಯಿಡೀ ಕನಿಷ್ಠ ಆರು ಗಂಟೆ ನಿಂತ ನೀರಿನ ಮೊದಲ ಒಂದು ಲೀಟರ್ ಹಿಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಆಸ್ಬೆಸ್ಟಾಸ್ ಶೀಟನ್ನು ತಕ್ಷಣ ತೆಗೆಸಬೇಕೇ?

ಬಿರುಕಿಲ್ಲದೆ, ಪುಡಿಯಾಗದೆ ಇದ್ದರೆ ಅವಸರ ಬೇಡ. ಕೊರೆಯುವುದು, ಗರಗಸ ಹಾಕುವುದು, ಬ್ರಷ್ಷಿನಿಂದ ಉಜ್ಜುವುದು ನಿಲ್ಲಿಸಿ. ತೆಗೆಯುವ ಹೊತ್ತಿಗೆ ಪೂರ್ತಿ ನೆನೆಸಿ, ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಮೇಲಿಂದ ಎಸೆದು ಒಡೆದರೆ ಉಸಿರಿಗೆ ಅಪಾಯವಾದ ಅದರ ಸೂಕ್ಷ್ಮ ಎಳೆಗಳು ಇಡೀ ಓಣಿಗೆ ಹರಡುತ್ತವೆ. ಕೊಳವೆಗೆ ಸುತ್ತಿದ ಮೆದು ಆಸ್ಬೆಸ್ಟಾಸ್ ಇನ್ನೂ ಅಪಾಯಕಾರಿ, ಅದನ್ನು ತರಬೇತಾದವರೇ ಮುಟ್ಟಬೇಕು.

ಟ್ಯಾಂಕಿನ ನೀರು ಶುದ್ಧವಾಗಿರಲು ಏನು ಮಾಡಬೇಕು?

ಮುಚ್ಚಳ ಬಿಗಿಯಾಗಿರಲಿ, ಹೆಚ್ಚುವರಿ ನೀರು ಹೋಗುವ ಕೊಳವೆಯ ಬಾಯಿಗೂ ಗಾಳಿಕೊಳವೆಗೂ ಸೊಳ್ಳೆ ನುಸುಳದ ಜಾಲರಿ ಇರಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ವಾರದ ಆಸುಪಾಸು ಸಾಕು. ಆದ್ದರಿಂದ ಡ್ರಮ್ಮು, ಕುಂಡದ ತಟ್ಟೆ, ಕೂಲರ್ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಒಳಮೈ ಉಜ್ಜಬೇಕು, ಮೊಟ್ಟೆ ಗೋಡೆಗೆ ಅಂಟಿರುತ್ತದೆ.

ತೊಳೆದ ಮೇಲೆ ಸೋಂಕು ತೆಗೆಯಲು ಲೀಟರಿಗೆ 50 ಮಿ.ಗ್ರಾಂ. ಕ್ಲೋರಿನ್ ಬೇಕು. ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ 1000 ಲೀಟರಿಗೆ ಸುಮಾರು 170 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಗಸಿ ಕೂರಲು ಬಿಟ್ಟು, ತಿಳಿಯನ್ನು ಮಾತ್ರ ಸುರಿಯಿರಿ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ, ಒಂದು ರಾತ್ರಿ ಕಳೆದು ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿ ಹರಿಸಿ. ಆ ರಾತ್ರಿ ಯಾರೂ ನೀರು ಬಳಸಬಾರದು. ತೆರೆದಿಟ್ಟ ಹಳೆಯ ಪುಡಿ ಶಕ್ತಿ ಕಳೆದುಕೊಂಡಿರುತ್ತದೆ, ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. ಸಂಪಿಗೆ ಒಬ್ಬರೇ ಇಳಿಯಬೇಡಿ, ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಇರದಿರಬಹುದು. ಮುಚ್ಚಳ ತೆರೆದು ಗಾಳಿ ಊದಿಸಿ, ಮೇಲೆ ಹಗ್ಗ ಹಿಡಿದ ಇನ್ನೊಬ್ಬರಿರಲಿ.

ಸರಬರಾಜು ಕೊಳವೆಗೆ ನೇರವಾಗಿ ಪಂಪು ಹಾಕಿ ಎಳೆಯಬೇಡಿ. ಒತ್ತಡ ಕುಸಿದ ಕೊಳವೆ ಬಿರುಕುಗಳಿಂದ ಸುತ್ತಲಿನ ಕೊಳಚೆಯನ್ನು ಹೀರುತ್ತದೆ, ಓಣಿಗೆ ಓಣಿಯೇ ಭೇದಿ ಬೀಳುವುದು ಹೀಗೆ.

ಬಚ್ಚಲಿನಿಂದ ಚರಂಡಿ ವಾಸನೆ ಬರುತ್ತಿದೆ. ಬರೀ ವಾಸನೆಯೇ?

ವಾಸನೆ ಬಂದ ದಾರಿಯಲ್ಲಿ ರೋಗಾಣುವೂ ಬರುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗುಲಿತು. ಬಚ್ಚಲು ನೆಲದ ಟ್ರ್ಯಾಪ್‌ಗಳಲ್ಲಿ (ನೀರು ನಿಲ್ಲಿಸಿ ಚರಂಡಿಯ ಗಾಳಿ ತಡೆಯುವ ಬಾಗಿದ ಕೊಳವೆಗಳಲ್ಲಿ) ನೀರು ಒಣಗಿತ್ತು, ಎಕ್ಸಾಸ್ಟ್ ಫ್ಯಾನ್‌ಗಳು ಕೊಳವೆಯ ಗಾಳಿಯನ್ನು ಒಳಗೆಳೆದವು ಎಂಬುದು ತನಿಖೆಯ ಮುಖ್ಯ ನಿಗಮನಗಳಲ್ಲೊಂದು.

ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ಸದಾ ನಿಂತಿರಬೇಕು. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ. ಹಾಕಿದ ನೀರೂ ಮಾಯವಾದರೆ ಗಾಳಿಕೊಳವೆ ಕಟ್ಟಿದೆಯೇ ನೋಡಿ, ಮೇಲ್ಮನೆಯ ಫ್ಲಷ್ ಅದನ್ನು ಎಳೆದೊಯ್ಯುತ್ತಿರುತ್ತದೆ. ಯಾವ ಬಚ್ಚಲು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದಿದ್ದರೆ ಒಂದೊಂದಕ್ಕೂ ಬೇರೆ ಬಣ್ಣದ ನೀರು ಸುರಿದು ಚೇಂಬರಿನಲ್ಲಿ ಕಾಯಿರಿ. ಶೌಚದ ಕೊಳವೆ ಮಳೆನೀರಿನ ಚರಂಡಿಗೆ ಸೇರಿರುವುದು ಹೀಗೆಯೇ ಸಿಕ್ಕಿಬೀಳುತ್ತದೆ.

ಇಲಿ, ಜಿರಲೆಗೆ ಔಷಧಿ ಹೊಡೆಸಿದರೂ ಮತ್ತೆ ಬರುತ್ತವೆ, ಏನು ಮಾಡುವುದು?

ದಾರಿ ಮುಚ್ಚಿ. ಚಿಕ್ಕ ಇಲಿಗೆ 6 ಮಿ.ಮೀ. ಸಂದಿ, ಹೆಗ್ಗಣಕ್ಕೆ 12 ಮಿ.ಮೀ. ತೂತು ಸಾಕು. ಕೊಳವೆ ಗೋಡೆ ದಾಟುವ ಕಡೆ ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟ್ ಹಾಕಿ, ಫೋಮ್ ಒಂದನ್ನೇ ಹಾಕಿದರೆ ಕಡಿದು ಬಿಡುತ್ತವೆ. ಜಿರಲೆಗೆ ಇಡೀ ಮನೆಗೆ ಸ್ಪ್ರೇ ಮಾಡುವ ಬದಲು ಸಂದಿಗಳಲ್ಲಿ ಜೆಲ್ ಚುಕ್ಕೆ ಇಡಿ. ಸ್ಪ್ರೇ ಹೊಡೆದ ಕಡೆ ಜೆಲ್ ಇಟ್ಟರೆ ಅವು ಮುಟ್ಟುವುದಿಲ್ಲ. ಪಕ್ಕದ ಮನೆಗಳೂ ಜೊತೆಗೂಡದಿದ್ದರೆ ಫಲ ಅರ್ಧವೇ.

ವಿದ್ಯುತ್ ವಿಷಯದಲ್ಲಿ ಏನು ನೋಡಬೇಕು?

ಮೊದಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ತಾನೇ ಬಿದ್ದು ಸರಬರಾಜು ಕಡಿಯುವ ಸ್ವಿಚ್ಚು, ಇದೆಯೇ ಎಂದು. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಪದೇ ಪದೇ ಬಿದ್ದರೆ ಅದನ್ನು ತಪ್ಪಿಸಿ ನೇರ ಜೋಡಿಸುವುದು ಪ್ರಾಣಕ್ಕೆ ಎರವು, ಬಟ್ಟೆ ಅಥವಾ ರಬ್ಬರ್ ಹೊದಿಕೆಯ ಹಳೆಯ ತಂತಿ ಎಲ್ಲೋ ಸೋರುತ್ತಿದೆ ಎಂದೇ ಅದು ಹೇಳುತ್ತಿರುವುದು. ಹಳೆಯ ಮನೆಗಳಲ್ಲಿ ಕಬ್ಬಿಣದ ನೀರಿನ ಕೊಳವೆಯನ್ನೇ ಅರ್ಥಿಂಗ್ ಮಾಡಿಕೊಂಡಿರುತ್ತಿದ್ದರು. ಮಧ್ಯೆ ಒಂದು ತುಂಡು ಪ್ಲಾಸ್ಟಿಕ್ ಕೊಳವೆ ಹಾಕಿದ ದಿನವೇ ಇಡೀ ಮನೆಯ ಅರ್ಥಿಂಗ್ ಹೋಯಿತು, ಯಾರಿಗೂ ಗೊತ್ತಾಗುವುದಿಲ್ಲ. ಕೊಳವೆ ದುರಸ್ತಿ ಆದ ಪ್ರತಿ ಮನೆಯಲ್ಲೂ ಅರ್ಥಿಂಗ್ ಮತ್ತೆ ಅಳೆಸಿ.

ಯಾವ ಬಿರುಕಿಗೆ ಇಂಜಿನಿಯರ್ ಬೇಕು?

ಕೂದಲೆಳೆಯ ಬಿರುಕಿಗೆ ಬೇಡ. 5 ಮಿ.ಮೀ. ಮೀರಿದ, ಮೆಟ್ಟಿಲಿನಂತೆ ಓರೆಯಾಗಿ ಸಾಗುವ, ಜೊತೆಗೆ ಬಾಗಿಲು ಸಿಕ್ಕಿಕೊಳ್ಳುತ್ತಿರುವ ಬಿರುಕಿಗೆ ಬೇಕೇ ಬೇಕು. ತುದಿಗಳಲ್ಲಿ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ, ಬೆಳೆಯುತ್ತಿದೆಯೇ ಎಂಬುದು ಅಗಲಕ್ಕಿಂತ ಮುಖ್ಯ.

ಕಾಂಕ್ರೀಟ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಕಂಬಿ ತುಕ್ಕು ಹಿಡಿದು ಊದಿರಬಹುದು. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ: ಗುಲಾಬಿಯಾದ ಭಾಗ ಕಂಬಿಯನ್ನು ಇನ್ನೂ ಕಾಯುತ್ತಿದೆ, ಬಣ್ಣ ಬರದ ಭಾಗ ಕಂಬಿಯವರೆಗೆ ತಲುಪಿದ್ದರೆ ರಕ್ಷಣೆ ಮುಗಿದಿದೆ. ತುಕ್ಕಿನ ಮೇಲೆ ಪ್ಲಾಸ್ಟರ್ ಬಳಿದರೆ ಅದೂ ಉದುರುತ್ತದೆ. ಬಾಲ್ಕನಿಯಲ್ಲಿ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ, ಆದ್ದರಿಂದ ಕೆಳಗೆ ಚೊಕ್ಕಟವಾಗಿ ಕಂಡರೂ ಮೇಲೆ ನೀರು ನಿಲ್ಲುತ್ತಿದ್ದರೆ ಅನುಮಾನಿಸಿ. ಆಸರೆ ಕೊಡದೆ ಕೆತ್ತಿಸಬೇಡಿ.

ಮೆಟ್ಟಿಲು ಮತ್ತು ಬೆಂಕಿ ಬಿದ್ದಾಗ ಹೊರಹೋಗುವ ದಾರಿ ಹೇಗಿರಬೇಕು?

ಮೆಟ್ಟಿಲ ಎತ್ತರ ಒಂದೇ ಸಮ ಇರುವುದು ಎಲ್ಲಕ್ಕಿಂತ ಮುಖ್ಯ, ಒಂದು ಮೆಟ್ಟಿಲು 2 ಸೆಂ.ಮೀ. ಹೆಚ್ಚಿದ್ದರೂ ಜನ ಅಲ್ಲೇ ಬೀಳುತ್ತಾರೆ. 90 ಸೆಂ.ಮೀ. ಎತ್ತರದಲ್ಲಿ ಹಿಡಿಗಂಬಿ, ಮೇಲೂ ಕೆಳಗೂ ಲೈಟಿನ ಸ್ವಿಚ್ಚು, ಕಟಕಟೆಯ ಸರಳುಗಳ ನಡುವೆ 10 ಸೆಂ.ಮೀ. ಮೀರದ ಸಂದಿ. ಪ್ರತಿ ಮಹಡಿಯಲ್ಲೂ ಕನಿಷ್ಠ ಒಂದು ಗ್ರಿಲ್ ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಲಿ.

ದುರಸ್ತಿ ಸರಿಯಾಗಿದೆ ಎಂದು ಯಾವಾಗ ಒಪ್ಪಬೇಕು?

ಕೆಲಸ ಮುಗಿದ ದಿನ ಅಲ್ಲ. ಪ್ರತಿ ದೋಷಕ್ಕೂ ಮೊದಲಿನ ಫೋಟೋ, ಜಾಗ, ದಿನಾಂಕ, ಅಳತೆ, ಕಾರಣ, ಮಾಡಿದ ಕೆಲಸ ಬರೆದಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಅದೇ ಪರೀಕ್ಷೆ ಮಾಡಿ. ಅದೇ ಪಾಲಿಥೀನ್ ಹಾಳೆ, ಅದೇ ಬಣ್ಣದ ನೀರು, ಅದೇ ಮೀಟರ್. ಗುತ್ತಿಗೆದಾರರ ಕೊನೆಯ ಕಂತನ್ನು ಈ ಎರಡನೆಯ ಪರೀಕ್ಷೆಯವರೆಗೆ ಹಿಡಿದಿಡುವ ಷರತ್ತನ್ನು ಕೆಲಸ ಒಪ್ಪಿಸುವಾಗಲೇ ಬರವಣಿಗೆಯಲ್ಲಿ ಹಾಕಿಕೊಳ್ಳಿ. ಈ ದಾಖಲೆಯ ಒಂದು ನಕಲನ್ನು ಬಾಡಿಗೆದಾರರಿಗೂ ಕೊಡಿ.